ಬೆಂಗಳೂರು ಪೇಟೆ: ಶುಕ್ರವಾರದಿಂದ ಭಾನುವಾರದವರೆಗೆ

ಮೈಸೂರು ಬ್ಯಾಂಕ್ ವೃತ್ತದಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಯವರೆಗೆ ಅವೆನ್ಯೂ ರಸ್ತೆಯಲ್ಲಿ ಎಲ್ಲೂ ನಿಲ್ಲದೆ ನಡೆದರೆ ಕಾಲು ಗಂಟೆ, ಹೆಚ್ಚೆಂದರೆ ಇಪ್ಪತ್ತು ನಿಮಿಷ. ಇಷ್ಟು ಚಿಕ್ಕ ಜಾಗಕ್ಕೆ ಮೂರು ದಿನ ಯಾಕೆ ಎನ್ನುವವರು ಸಾಮಾನ್ಯವಾಗಿ ಮಧ್ಯಾಹ್ನ ಹನ್ನೆರಡಕ್ಕೆ ಬಂದು, ಬಿಸಿಲು, ಹಾರ್ನು, ಕೈಗಾಡಿಗಳ ನಡುವೆ ಸಿಕ್ಕಿಕೊಂಡು, ಎರಡು ಗಂಟೆಗೆಲ್ಲ ಸುಸ್ತಾಗಿ ಮನೆಗೆ ಹೋದವರು. ಹಳೆಯ ಬೆಂಗಳೂರಾದ ಈ ಪೇಟೆಯಲ್ಲಿ ಒಂದೊಂದು ಬೀದಿಗೂ ಅದರದೇ ಹೊತ್ತಿದೆ. ಹೂವಿನದು ಸೂರ್ಯ ಹುಟ್ಟುವ ಮುಂಚೆ, ಕೋಟೆ ದೇವಸ್ಥಾನಗಳದು ಬೆಳಿಗ್ಗೆ, ಸೀರೆಯದು ಹನ್ನೊಂದರ ಮೇಲೆ, ಹಳೇ ಸಾಮಾನಿನದು ಭಾನುವಾರ ನಸುಕಿನಲ್ಲಿ, ಕರಗ ಉತ್ಸವದ್ದು ನಡುರಾತ್ರಿ. ಇಲ್ಲಿ ಸ್ಥಳಗಳ ಪಟ್ಟಿಗಿಂತ ಗಡಿಯಾರವೇ ಮುಖ್ಯ.

ಹೊರಡುವ ಮೊದಲು ಎರಡು ಗೆರೆಗಳನ್ನು ನೆನಪಿಟ್ಟುಕೊಂಡರೆ ದಾರಿ ತಪ್ಪುವುದಿಲ್ಲ. ಉತ್ತರದ ಯಲಹಂಕ ಬಾಗಿಲಿನಿಂದ ದಕ್ಷಿಣದ ಕೋಟೆಯ ಕಡೆಗೆ ಇಳಿಯುವುದು ದೊಡ್ಡಪೇಟೆ, ಅಂದರೆ ಇವತ್ತಿನ ಅವೆನ್ಯೂ ರಸ್ತೆ. ಪೂರ್ವದ ಹಲಸೂರು ಬಾಗಿಲಿನಿಂದ ಪಶ್ಚಿಮಕ್ಕೆ ಅದನ್ನು ಅಡ್ಡ ಕತ್ತರಿಸುವುದು ಚಿಕ್ಕಪೇಟೆ. 1537ರಲ್ಲಿ ಕೆಂಪೇಗೌಡರು ಇವೆರಡೂ ಕೂಡುವ ಚೌಕದಲ್ಲಿ ನಾಲ್ಕು ನೇಗಿಲು ಹೂಡಿಸಿ ನಾಲ್ಕು ದಿಕ್ಕಿಗೆ ಎತ್ತು ಬಿಟ್ಟರು, ಎತ್ತು ನಿಂತಲ್ಲಿ ಊರಬಾಗಿಲು ನೆಟ್ಟರು ಎಂದು ಐತಿಹ್ಯ. ಉಳಿದ ಪೇಟೆಗಳೆಲ್ಲ ಈ ಎರಡು ಗೆರೆಗಳಿಗೆ ಅಂಟಿಕೊಂಡಿವೆ. ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ನಗರ್ತಪೇಟೆ: ಸರಕಿನ ಹೆಸರು, ಇಲ್ಲವೇ ಅದನ್ನು ಮಾಡುತ್ತಿದ್ದ, ಮಾರುತ್ತಿದ್ದ ಜನರ ಹೆಸರು. ಸರಕು ಬದಲಾಗಿದೆ, ಹೆಸರು ಹಾಗೇ ಇದೆ. ಬಳೇಪೇಟೆಯಲ್ಲಿ ಈಗ ಬಳೆಗಿಂತ ವೀಣೆ, ಮೃದಂಗ ಹೆಚ್ಚು.

ಸ್ವಂತ ವಾಹನ ತರಲೇಬಾರದು. ನಿಲ್ಲಿಸಲು ಜಾಗವಿಲ್ಲ, ಸಿಕ್ಕರೂ ಸಂಜೆ ಹೊರತೆಗೆಯಲು ಆಗುವುದಿಲ್ಲ. ಹಸಿರು ಮಾರ್ಗದ ಮೆಟ್ರೊದಲ್ಲಿ ಎರಡು ನಿಲ್ದಾಣಗಳಿವೆ, ಎರಡೂ ನೆಲದಡಿ, ಎರಡೂ 2017ರ ಜೂನಿನಲ್ಲಿ ತೆರೆದವು. ಕೆ.ಆರ್. ಮಾರ್ಕೆಟ್ ನಿಲ್ದಾಣ ಕೋಟೆ ಮತ್ತು ಟಿಪ್ಪುವಿನ ಅರಮನೆಗೆ ಹತ್ತಿರ. ಚಿಕ್ಕಪೇಟೆ ನಿಲ್ದಾಣ ಬಳೇಪೇಟೆ, ಕಾಟನ್‌ಪೇಟೆಗೆ ಹತ್ತಿರ. ಹೊರಗಡೆ ಶುಚಿಯಾದ ಶೌಚಾಲಯ ಸಿಗುವುದು ಕಷ್ಟ, ಅದಕ್ಕೂ ಈ ನಿಲ್ದಾಣಗಳೇ ಗತಿ. ಹೊರಗಿನವರು ಮೆಜೆಸ್ಟಿಕ್ ಅಥವಾ ಗಾಂಧಿನಗರದ ಲಾಡ್ಜಿನಲ್ಲಿ ಉಳಿದರೆ ಎಲ್ಲಕ್ಕೂ ಅನುಕೂಲ.

ಮೊದಲ ದಿನ, ಶುಕ್ರವಾರ

ಬೆಳಗಿನ ಐದಕ್ಕೆ ಹೊರಡುವ ಮೊದಲ ಮೆಟ್ರೊ ಹಿಡಿದರೆ ಐದೂವರೆಯ ಹೊತ್ತಿಗೆ ಮಾರುಕಟ್ಟೆಯ ಮುಂದೆ ಇರಬಹುದು. ಹಳೆಯ ಚಪ್ಪಲಿ ಹಾಕಿಕೊಳ್ಳಿ. ನೆಲ ಒದ್ದೆ, ಎಲೆ, ಹೂವಿನ ಕಸ, ಜಾರುತ್ತದೆ. ಬಿಳಿ ಪ್ಯಾಂಟು ಬೇಡ.

ಈ ಜಾಗ ಒಂದು ಕಾಲಕ್ಕೆ ಸಿದ್ದಿಕಟ್ಟೆ ಎಂಬ ಕೆರೆ. ಉತ್ತರಕ್ಕೆ ಪೇಟೆ, ದಕ್ಷಿಣಕ್ಕೆ ಕೋಟೆ, ಮಧ್ಯೆ ಬಯಲು. ಆ ಬಯಲಿನಲ್ಲೇ ಸಂತೆ ಬೆಳೆಯಿತು, 1921ರಲ್ಲಿ ಮಾರುಕಟ್ಟೆಯ ಕಟ್ಟಡ ಎದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಪಡೆಯಿತು. ಶಿವನಸಮುದ್ರದ ವಿದ್ಯುತ್ತಿನಿಂದ 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಮೊದಲು ಹತ್ತಿಕೊಂಡಿದ್ದೂ ಈ ಸುತ್ತಿನಲ್ಲೇ. ಹಳೆಯ ಕಟ್ಟಡದ ಭಾಗಗಳ ನಡುವೆ 1990ರ ದಶಕದಲ್ಲಿ ಹೊಸ ಬಹುಮಹಡಿ ಸೇರಿಕೊಂಡಿತು. ಅಂದ ಕೆಟ್ಟಿತು ಎಂದು ಬೇಸರ ಪಡುವವರಿದ್ದಾರೆ, ಅದು ನಿಜವೂ ಹೌದು. ಆದರೆ ಹೂವಿನ ಅಂಗಳ ನೋಡಲು ಒಳ್ಳೆಯ ಜಾಗ ಸಿಗುವುದು ಅದೇ ಹೊಸ ಕಟ್ಟಡದ ಮೇಲಿನ ಮಹಡಿಯಲ್ಲಿ. ಕಟಾಂಜನದ ಹತ್ತಿರ ನಿಂತು ಕೆಳಗೆ ನೋಡಿದರೆ ಚೆಂಡುಹೂವಿನ ಹಳದಿ, ಕಿತ್ತಳೆ, ಸೇವಂತಿಗೆಯ ಬಿಳಿ, ಕನಕಾಂಬರದ ಕೆಂಪು ಬೇರೆ ಬೇರೆ ರಾಶಿಯಾಗಿ ಕಾಣುತ್ತವೆ. ಆರರಿಂದ ಏಳರ ನಡುವೆ ಬೆಳಕು ಚೆನ್ನ. ಎಂಟಾದರೆ ಅರ್ಧ ರಾಶಿ ಖಾಲಿ.

ಕೊಳ್ಳುವುದಾದರೆ ಎರಡು ಲೆಕ್ಕ ಗೊತ್ತಿರಬೇಕು. ಬಿಡಿ ಹೂವಿಗೆ ಕಿಲೋ, ಕಟ್ಟಿದ ಹೂವಿಗೆ ಮೊಳ ಅಥವಾ ಮಾರು. ಮೊಣಕೈಯಿಂದ ನಡುಬೆರಳ ತುದಿಗೆ ಒಂದು ಮೊಳ, ಅಂಥ ನಾಲ್ಕು ಸೇರಿದರೆ ಒಂದು ಮಾರು. ಅಳತೆ ಮಾರುವವರ ಕೈಯದು, ಆದ್ದರಿಂದ ಉದ್ದ ಕೈಯವರ ಹತ್ತಿರ ಕೊಳ್ಳುವುದು ಜಾಣತನ. ಅಳೆಯುವಾಗ ದಂಡೆಯನ್ನು ಎಳೆದು ಹಿಡಿಯುತ್ತಾರೋ ಸಡಿಲ ಬಿಡುತ್ತಾರೋ ಗಮನಿಸಿ. ದಾರದಲ್ಲಿ ಹೂ ವಿರಳವಾಗಿದ್ದರೆ ಉದ್ದ ಬಂದರೂ ತೂಕ ಬರುವುದಿಲ್ಲ. ಬಿಡಿ ಮಲ್ಲಿಗೆಯ ಮೇಲೆ ನೀರು ಚಿಮುಕಿಸಿರುತ್ತಾರೆ, ಬಾಡದಿರಲಿ ಎಂದು. ತೂಕಕ್ಕೂ ಅದು ಕೂಡುತ್ತದೆ. ತಕ್ಕಡಿಗೆ ಹಾಕುವ ಮುನ್ನ ಒಮ್ಮೆ ಕೊಡವಿಸಿ. ಮೊಗ್ಗು ಬಿಗಿಯಾಗಿ ಮುಚ್ಚಿದ್ದರೆ ಸಂಜೆಗೆ ಅರಳುತ್ತದೆ. ಬೆಳಿಗ್ಗೆಯೇ ಅರೆಬಿರಿದಿದ್ದರೆ ಮಧ್ಯಾಹ್ನಕ್ಕೆ ಕಂದು. ಕನಕಾಂಬರಕ್ಕೆ ವಾಸನೆಯಿಲ್ಲ, ತೂಕವೂ ಇಲ್ಲ; ಒಂದು ಕಿಲೋ ಆಗಲು ರಾಶಿ ಹೂ ಬೇಕು, ಕೀಳುವ ಕೂಲಿ ಹೆಚ್ಚು, ಹಾಗಾಗಿ ಬೆಲೆ ಯಾವಾಗಲೂ ಮೇಲೆ. ಮಲ್ಲಿಗೆ, ಕಾಕಡ, ಸುಗಂಧರಾಜ, ಮರುಗ, ದವನ ಎಲ್ಲ ಒಂದೇ ಸಾಲಿನಲ್ಲಿ ಸಿಗುತ್ತವೆ. ವರಮಹಾಲಕ್ಷ್ಮಿ, ಗೌರಿ ಗಣೇಶ, ಆಯುಧಪೂಜೆಯ ಹಿಂದಿನ ದಿನ ಬೆಲೆ ಎರಡು ಮೂರು ಪಟ್ಟು ಏರುವುದೂ ಉಂಟು, ಕಾಲಿಡಲು ಜಾಗವೂ ಇರುವುದಿಲ್ಲ. ಬರೀ ನೋಡಲು ಬರುವವರು ಆ ದಿನಗಳನ್ನು ಬಿಡಬೇಕು.

ನಿಂತು ಫೋಟೊ ತೆಗೆಯುವವರಿಗೆ ಒಂದು ಮಾತು. ಮೂಟೆ ಹೊತ್ತ ಹಮಾಲಿ ಬ್ರೇಕ್ ಹಾಕಲಾರ. ‘ಸೈಡ್, ಸೈಡ್’ ಎಂಬ ಕೂಗು ಕೇಳಿದ ತಕ್ಷಣ ಗೋಡೆಗೆ ಸರಿಯಬೇಕು, ಹಿಂತಿರುಗಿ ನೋಡುತ್ತ ನಿಲ್ಲಬಾರದು. ಹತ್ತಿರದಿಂದ ಮುಖ ತೆಗೆಯುವುದಾದರೆ ಕೇಳಿ ತೆಗೆಯಿರಿ, ಒಂದು ಮೊಳ ಹೂ ಕೊಂಡು ಕೇಳಿದರೆ ಯಾರೂ ಬೇಡ ಎನ್ನುವುದಿಲ್ಲ. ಬೋಣಿಯ ಹೊತ್ತಿನಲ್ಲಿ ಬೆಲೆ ಕೇಳಿ, ಚೌಕಾಸಿ ಮಾಡಿ, ಕೊಳ್ಳದೆ ಹೋಗುವುದು ಮಾತ್ರ ಇಲ್ಲಿ ನಡೆಯದು.

ತಿಂಡಿ ಮುಗಿಸಿ ಎಂಟೂವರೆಗೆ ಕೋಟೆಯ ಬಾಗಿಲಿಗೆ ಬನ್ನಿ. ಮಾರುಕಟ್ಟೆಯಿಂದ ಕೃಷ್ಣರಾಜೇಂದ್ರ ರಸ್ತೆ ಹಿಡಿದರೆ ಐದು ನಿಮಿಷ. ಕೆಂಪೇಗೌಡರದು ಮಣ್ಣಿನ ಕೋಟೆ, 1761ರಲ್ಲಿ ಹೈದರಾಲಿ ಅದನ್ನು ಕಲ್ಲಿನಲ್ಲಿ ಕಟ್ಟಿಸಿದ. ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಸುತ್ತಿನ ಬುರುಜು, ಅಷ್ಟೇ. ಮಿಕ್ಕದ್ದನ್ನು ಬ್ರಿಟಿಷರು ರಸ್ತೆ, ಕಟ್ಟಡಗಳಿಗಾಗಿ ಕೆಡವುತ್ತ ಹೋದರು. ಅರ್ಧ ಗಂಟೆ ಸಾಕು, ಆದರೆ ಮೂರು ವಿಷಯ ನೋಡದೆ ಹೊರಬರಬೇಡಿ. ಎತ್ತರದ ಮರದ ಕದದ ಮೇಲಿನ ಕಬ್ಬಿಣದ ಮೊಳೆಗಳು ಒಂದು. ಆನೆ ಹಣೆಯಿಂದ ಕದ ತಳ್ಳದಿರಲಿ ಎಂದು ಇಟ್ಟದ್ದು. ಸುಲ್ತಾನರ ಕೋಟೆಯೊಳಗಿನ ಗೋಡೆಯ ಗಣಪತಿ ಇನ್ನೊಂದು. ಮೂರನೆಯದು ಹೊರಗೋಡೆಯ ಅಮೃತಶಿಲೆಯ ಫಲಕ: 1791ರ ಮಾರ್ಚ್ 21ರಂದು ಬ್ರಿಟಿಷರು ಗೋಡೆ ಒಡೆದು ನುಗ್ಗಿದ ಜಾಗ ಅದು. ಕಾರ್ನ್‌ವಾಲಿಸ್‌ನ ಸೈನ್ಯ ಅದಕ್ಕೆ ಎರಡು ವಾರ ಮೊದಲು, ಮಾರ್ಚ್ 7ರಂದು, ಹಲಸೂರು ಬಾಗಿಲಿನ ಕಡೆಯಿಂದ ಪೇಟೆಯನ್ನು ಹಿಡಿದಿತ್ತು. ಕೋಟೆಯನ್ನು ಕಾಯುತ್ತಿದ್ದ ಕಿಲ್ಲೇದಾರ ಬಹಾದುರ್ ಖಾನ್ ಮಾರ್ಚ್ 21ರ ರಾತ್ರಿಯ ಕಾಳಗದಲ್ಲಿ ಸತ್ತ. ಈ ಎರಡು ತಾರೀಖುಗಳನ್ನು ಗೊತ್ತಿಟ್ಟುಕೊಂಡರೆ ಕೋಟೆ ಬೇರೆ, ಪೇಟೆ ಬೇರೆ, ಎರಡಕ್ಕೂ ಬೇರೆ ಬೇರೆ ಗೋಡೆಯಿತ್ತು ಎಂಬುದು ಮನಸ್ಸಿಗೆ ಸುಲಭವಾಗಿ ಬರುತ್ತದೆ.

ಅಲ್ಲಿಂದ ದಕ್ಷಿಣಕ್ಕೆ ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನ. ಹತ್ತರ ಸುಮಾರಿಗೆ ಇಲ್ಲಿರಬೇಕು, ಮಧ್ಯಾಹ್ನದ ಹೊತ್ತಿಗೆ ಬಾಗಿಲು ಹಾಕುತ್ತಾರೆ. ಚಿಕ್ಕದೇವರಾಜ ಒಡೆಯರ ಕಾಲದ್ದು, ಹದಿನೇಳನೆಯ ಶತಮಾನದ ಕೊನೆ. ಎದುರಿನ ಗರುಡಗಂಬಕ್ಕೆ ಈಸ್ಟ್ ಇಂಡಿಯಾ ಕಂಪನಿಯ ಫಿರಂಗಿ ಗುಂಡು ಬಿದ್ದು ಪಕ್ಕದ ಅರಮನೆ ಉಳಿಯಿತು ಎಂದು ಹೇಳುತ್ತಾರೆ. ಕತೆಯನ್ನು ನಂಬಲೇಬೇಕೆಂದಿಲ್ಲ, ಒಳಗಿನ ವ್ಯಾಳದ ಕಂಬಗಳನ್ನೂ ಹೊರಗೋಡೆಯ ಪುರಾಣದ ಸಾಲುಗಳನ್ನೂ ನಿಧಾನವಾಗಿ ನೋಡಿ.

ಪಕ್ಕದಲ್ಲೇ ಟಿಪ್ಪುವಿನ ಬೇಸಿಗೆ ಅರಮನೆ. 1781ರಲ್ಲಿ ಹೈದರ್ ಶುರುಮಾಡಿ 1791ರಲ್ಲಿ ಟಿಪ್ಪು ಮುಗಿಸಿದ್ದು, ಹೆಚ್ಚಿನ ಪಾಲು ತೇಗ. ಕೋಟೆ ಬಿದ್ದದ್ದೂ ಅದೇ ವರ್ಷ ಎಂಬುದನ್ನು ನೆನೆದರೆ ಅವನಿಗೆ ಇಲ್ಲಿ ಎಷ್ಟು ಬೇಸಿಗೆ ಸಿಕ್ಕಿತು ಎಂದು ಲೆಕ್ಕ ಹಾಕಬಹುದು. ಇದು ಪುರಾತತ್ತ್ವ ಇಲಾಖೆಯ ಸ್ಮಾರಕ, ಟಿಕೆಟ್ ಇದೆ, ಸಂಜೆ ಐದೂವರೆಯವರೆಗೆ ತೆರೆದಿರುತ್ತದೆ. ಕ್ಯೂಆರ್ ಸ್ಕ್ಯಾನ್ ಮಾಡಿ ಮೊಬೈಲಿನಲ್ಲೇ ಟಿಕೆಟ್ ತೆಗೆದರೆ ಕೌಂಟರಿನ ಸಾಲು ತಪ್ಪುತ್ತದೆ. ಮೇಲಿನ ಮಹಡಿಯಲ್ಲಿ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಉಪ್ಪರಿಗೆ, ದರ್ಬಾರು ನಡೆದದ್ದು ಅಲ್ಲಿಂದ. ಮೂಲೆಗಳಲ್ಲಿ ಸಣ್ಣ ಕೋಣೆಗಳು. ಕಂಬದ ಬುಡ ಕಲ್ಲಿನದು, ಮೇಲೆ ಮರ; ನೆಲದ ತೇವ ಮರಕ್ಕೆ ಹತ್ತದಿರಲೆಂಬ ಯುಕ್ತಿ. ಬಣ್ಣದ ಹೂಬಳ್ಳಿಗಳು ಬಹುಪಾಲು ಮಾಸಿವೆ, ನೆರಳು ಬೀಳುವ ಒಳಗೋಡೆಗಳಲ್ಲಿ ಉಳಿದದ್ದನ್ನು ಹುಡುಕಬೇಕು. ಮೈಸೂರು ಬ್ರಿಟಿಷ್ ಕಮಿಷನರುಗಳ ಕೈಗೆ ಹೋದ 1831ರಿಂದ 1868ರವರೆಗೆ ಸರ್ಕಾರದ ಕಚೇರಿ ನಡೆದದ್ದು ಇದರೊಳಗೆ. ಆಮೇಲೆ ಅಠಾರ ಕಚೇರಿಗೆ, ಅಂದರೆ ಇವತ್ತಿನ ಹೈಕೋರ್ಟ್ ಕಟ್ಟಡಕ್ಕೆ, ಹೋಯಿತು. ಕೆಳಗಿನ ಸಣ್ಣ ಸಂಗ್ರಹಾಲಯದಲ್ಲಿ ಹುಲಿಯ ಆಟಿಕೆ ಕಂಡರೆ ಅದು ಪ್ರತಿಕೃತಿ, ಮೂಲ ಲಂಡನ್ನಿನಲ್ಲಿದೆ.

ಹೊರಬಂದು ಮಾರುಕಟ್ಟೆ ಕಡೆ ತಿರುಗಿದರೆ ವಿಕ್ಟೋರಿಯಾ ಆಸ್ಪತ್ರೆಯ ಕಲ್ಲಿನ ಮುಖ ಕಾಣುತ್ತದೆ. 1897ರಲ್ಲಿ ವಾಣಿವಿಲಾಸ ಸನ್ನಿಧಾನದವರು ಶಂಕುಸ್ಥಾಪನೆ ಮಾಡಿದರು, 1900ರ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ ತೆರೆದ. ಅದು ಕೆಲಸದ ಆಸ್ಪತ್ರೆ, ರಸ್ತೆಯಿಂದ ನೋಡಿದರೆ ಸಾಕು. ಈ ನಡುವೆ, 1898ರಲ್ಲಿ, ಪೇಟೆಗೆ ಪ್ಲೇಗ್ ಬಿತ್ತು. ಗೋಡೆಗೆ ಗೋಡೆ ತಾಗಿದ ಮನೆ, ಗಾಳಿಯಿಲ್ಲದ ಕೋಣೆ, ಮನೆಯೊಳಗೇ ಧಾನ್ಯದ ದಾಸ್ತಾನು, ಅದನ್ನು ಹುಡುಕಿ ಬರುವ ಇಲಿ. ಬಸವನಗುಡಿ, ಮಲ್ಲೇಶ್ವರ ಹುಟ್ಟಿದ್ದು ಆ ಭಯದಿಂದ. ಅನುಕೂಲವಿದ್ದವರು ಅಲ್ಲಿಗೆ ಹೋದರು, ಅಂಗಡಿ ಮಾತ್ರ ಇಲ್ಲೇ ಉಳಿಯಿತು. ಪೇಟೆಯಲ್ಲಿ ರಾತ್ರಿ ಒಂಬತ್ತಕ್ಕೆಲ್ಲ ಬಾಗಿಲು ಬೀಳುವುದಕ್ಕೂ ಮಾಲೀಕರ ಮನೆ ಬೇರೆ ಕಡೆ ಇರುವುದಕ್ಕೂ ಸಂಬಂಧವಿದೆ.

ಮಧ್ಯಾಹ್ನ ಶುಕ್ರವಾರದ ನಮಾಜಿನ ಹೊತ್ತಿಗೆ ಜಾಮಿಯಾ ಮಸೀದಿಯ ಸುತ್ತ ದಟ್ಟಣೆ. ಒಂದರಿಂದ ಎರಡೂವರೆವರೆಗೆ ಊಟಕ್ಕೆ ಕೂರುವುದು ಒಳ್ಳೆಯದು. ಆಮೇಲೆ ತರಗುಪೇಟೆ. ಧಾನ್ಯದ ಸಗಟು ವ್ಯಾಪಾರದ ದೊಡ್ಡ ಭಾಗ ಯಶವಂತಪುರದ ಎಪಿಎಂಸಿ ಯಾರ್ಡಿಗೆ ಹೋಗಿದ್ದರೂ ಬೆಲ್ಲ, ಹುಣಸೆ, ಒಣಮೆಣಸಿನಕಾಯಿ, ಹಗ್ಗ, ಗೋಣಿಚೀಲದ ಅಂಗಡಿಗಳು ಇಲ್ಲಿ ಇವೆ. ಬ್ಯಾಡಗಿ ಮೆಣಸಿನಕಾಯಿ ಕೊಳ್ಳುವವರು ಸುಕ್ಕು ನೋಡಿ. ಸುಕ್ಕುಗಟ್ಟಿದ್ದರೆ ಬಣ್ಣ ಹೆಚ್ಚು, ಖಾರ ಕಮ್ಮಿ. ನುಣ್ಣಗಿರುವುದು ಗುಂಟೂರಿನ ಬಗೆ. ಕೈಯಲ್ಲಿ ಮುರಿದಾಗ ಚಟ್ ಎನ್ನದೆ ಬಾಗಿದರೆ ತೇವ ಉಳಿದಿದೆ, ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತದೆ.

ಎರಡನೆಯ ದಿನ, ಶನಿವಾರ

ಇವತ್ತು ತಡವಾಗಿ ಎದ್ದರೂ ನಷ್ಟವಿಲ್ಲ. ಹತ್ತೂವರೆಗೆ ಮೊದಲು ಚಿಕ್ಕಪೇಟೆಯಲ್ಲಿ ಶಟರುಗಳನ್ನೇ ನೋಡಬೇಕಾದೀತು. ನೇರಳೆ ಮಾರ್ಗದ ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣದಲ್ಲಿ ಇಳಿದು ಹತ್ತು ನಿಮಿಷ ನಡೆದರೆ ಮೈಸೂರು ಬ್ಯಾಂಕ್ ವೃತ್ತ. ಬ್ಯಾಂಕು 1913ರಲ್ಲಿ ಹುಟ್ಟಿ 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲೀನವಾಯಿತು, ವೃತ್ತದ ಹೆಸರು ಯಾರ ಬಾಯಲ್ಲೂ ಬದಲಾಗಿಲ್ಲ. ಅವೆನ್ಯೂ ರಸ್ತೆಯ ತಲೆಯಲ್ಲಿರುವ ಆಂಜನೇಯ ಗುಡಿಯನ್ನು ಯಲಹಂಕ ಗೇಟ್ ಆಂಜನೇಯ ಎಂದೇ ಕರೆಯುತ್ತಾರೆ. ಬಾಗಿಲು ಹೋಗಿ, ಬಾಗಿಲ ದೇವರು ಉಳಿದಿದ್ದಾನೆ.

ಇಲ್ಲಿಂದ ಕೆಳಗೆ ಪುಸ್ತಕ. ಹಳೆಯ ಪಠ್ಯಪುಸ್ತಕ ಬೇಕಾದರೆ ಮುದ್ರಣದ ವರ್ಷ ಮತ್ತು ಸಿಲಬಸ್ ಮೊದಲು ನೋಡಿ. ಹೊರಗಿನ ರಕ್ಷಾಪುಟ ಹೊಸದು, ಒಳಗೆ ಹಳೆಯ ಆವೃತ್ತಿ ಇರುವುದುಂಟು. ಮಧ್ಯದ ಒಂದು ಫಾರಂ, ಅಂದರೆ ಪುಟಗಳ ಒಂದು ಕಟ್ಟು, ಕಿತ್ತು ಹೋಗಿದೆಯೇ ಎಂದು ಪುಟಸಂಖ್ಯೆಗಳನ್ನು ಬೆರಳಿನಿಂದ ಹಾಯಿಸಿ. ಓದಿ ಮುಗಿಸಿ ತಂದರೆ ವಾಪಸ್ ಕೊಳ್ಳುತ್ತೀರಾ, ಎಷ್ಟಕ್ಕೆ ಎಂದು ಕೊಳ್ಳುವಾಗಲೇ ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳುವುದು ವಿದ್ಯಾರ್ಥಿಗಳ ಹಳೆಯ ರೂಢಿ.

ಪುಸ್ತಕ, ಚಿನ್ನ, ಬಟ್ಟೆಯ ಬೋರ್ಡುಗಳ ನಡುವೆ ರೈಸ್ ಸ್ಮಾರಕ ಚರ್ಚು ಸುಲಭವಾಗಿ ಕಣ್ಣು ತಪ್ಪಿಸುತ್ತದೆ. 1917ರದ್ದು. ಕನ್ನಡದಲ್ಲಿ ಕೆಲಸ ಮಾಡಿದ ಮಿಷನರಿ ಬೆಂಜಮಿನ್ ಹೋಲ್ಟ್ ರೈಸ್ ಹೆಸರಿನಲ್ಲಿದೆ. ಇವರ ಮಗನೇ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್.

ರಾಜಾ ಮಾರುಕಟ್ಟೆಯ ಕಡೆ ಚಿನ್ನ ಬೆಳ್ಳಿಯ ಓಣಿಗಳು. ಕೊಳ್ಳುವವರಿಗೆ ಸಂಕ್ಷಿಪ್ತವಾಗಿ: ಒಡವೆಯ ಮೇಲೆ ಬಿಐಎಸ್ ಹಾಲ್‌ಮಾರ್ಕ್ ಗುರುತು, ಶುದ್ಧತೆ (22 ಕ್ಯಾರೆಟ್ಟಿಗೆ 916), ಆರು ಅಕ್ಷರ ಅಂಕಿಗಳ ಎಚ್‌ಯುಐಡಿ ಎಂಬ ಗುರುತುಸಂಖ್ಯೆ, ಮೂರೂ ಇರಬೇಕು. ಎಚ್‌ಯುಐಡಿಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಅಂಗಡಿಯಲ್ಲೇ ನಿಂತು ನೋಡಬಹುದು. ಹರಳಿನ ತೂಕ ಕಳೆದು ಚಿನ್ನದ ತೂಕ ಎಷ್ಟು, ಕೂಲಿ ಎಷ್ಟು, ವೇಸ್ಟೇಜ್ ಎಷ್ಟು ಎಂದು ಬಿಡಿಬಿಡಿಯಾಗಿ ಬರೆಸಿ. ಚಿನ್ನದ ದರ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ, ವ್ಯತ್ಯಾಸ ಬರುವುದು ವೇಸ್ಟೇಜಿನಲ್ಲಿ.

ಚೌಕದಲ್ಲಿ ಬಲಕ್ಕೆ ತಿರುಗಿದರೆ ಚಿಕ್ಕಪೇಟೆ, ಅಂದರೆ ಸೀರೆ. ಚಪ್ಪಲಿ ಬಿಟ್ಟು ಗಾದಿಯ ಮೇಲೆ ಕೂರುವ ಹಳೆಯ ಪದ್ಧತಿ ಅನೇಕ ಕಡೆ ಇನ್ನೂ ಇದೆ. ಅಂಗಡಿಯ ಹೊರಗೆ ಕೈ ಹಿಡಿದು ಕರೆಯುವವರ ಹಿಂದೆ ಹೋಗಬೇಡಿ, ಅವರ ಕಮಿಷನ್ ನಿಮ್ಮ ಸೀರೆಯ ಬೆಲೆಗೇ ಸೇರುತ್ತದೆ. ಸಗಟು ಅಂಗಡಿಗಳು ಒಂದೇ ಸೀರೆ ಕೊಡುವುದಿಲ್ಲ, ಸೆಟ್ಟು ತೆಗೆದುಕೊಳ್ಳಬೇಕು. ಮದುವೆಯ ಉಡುಗೊರೆಗೆ ಹತ್ತಿಪ್ಪತ್ತು ಬೇಕಾದವರಿಗೆ ಅದೇ ಲಾಭ.

ರೇಷ್ಮೆಯ ಪರೀಕ್ಷೆ ಕಷ್ಟವಲ್ಲ. ಸೆರಗಿನ ತುದಿಯಿಂದ ಉದ್ದಕ್ಕೆ ಹೋಗುವ ಹಾಸಿನ ಎಳೆ, ಅಡ್ಡಕ್ಕೆ ಹೋಗುವ ಹೊಕ್ಕಿನ ಎಳೆ, ಎರಡನ್ನೂ ಬೇರೆ ಬೇರೆ ಎಳೆದು ಸುಡಬೇಕು. ಬರೀ ಒಂದನ್ನು ಸುಟ್ಟರೆ ಸಾಲದು, ಯಾಕೆಂದರೆ ಒಂದು ಕಡೆ ರೇಷ್ಮೆ, ಇನ್ನೊಂದು ಕಡೆ ಪಾಲಿಯೆಸ್ಟರ್ ಹಾಕಿ ನೇಯ್ದ ಸೀರೆಗಳು ಧಾರಾಳವಾಗಿವೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಸುಡಲು ಒಪ್ಪದ ಅಂಗಡಿಯಲ್ಲಿ ಶುದ್ಧ ರೇಷ್ಮೆಗೆ ಹಾಕುವ ಸಿಲ್ಕ್ ಮಾರ್ಕ್ ಲೇಬಲ್ ಕೇಳಿ. ಜರಿಯ ಎಳೆಯನ್ನು ಉಗುರಿನಿಂದ ಕೆರೆದಾಗ ಒಳಗೆ ರೇಷ್ಮೆಯ ಕೆಂಪು ನೂಲು ಕಂಡರೆ ಒಳ್ಳೆಯ ಲಕ್ಷಣ, ಪ್ಲಾಸ್ಟಿಕ್ಕಿನ ಪಟ್ಟಿ ಕಂಡರೆ ಬೆಲೆ ಅರ್ಧಕ್ಕಿಂತ ಕೆಳಗೆ ಇಳಿಯಬೇಕು. ಬಣ್ಣವನ್ನು ಟ್ಯೂಬ್‌ಲೈಟಿನಲ್ಲಿ ನಂಬಬೇಡಿ, ಬಾಗಿಲಿಗೆ ತಂದು ನೋಡಿ. ಸೀರೆಯನ್ನು ಪೂರ್ತಿ ಬಿಡಿಸಿ ಬೆಳಕಿಗೆ ಹಿಡಿದರೆ ತಪ್ಪಿದ ಎಳೆ, ಎಣ್ಣೆಯ ಕಲೆ ಕಾಣುತ್ತವೆ. ಉದ್ದ ಐದೂವರೆ ಮೀಟರ್, ರವಿಕೆ ಕಣ ಸೇರಿ ಆರೂಕಾಲರ ಆಸುಪಾಸು. ‘ಮೈಸೂರು ಸಿಲ್ಕ್’ ಎಂದು ತೋರಿಸುವುದು ಇಲ್ಲಿ ಸಾಮಾನ್ಯವಾಗಿ ಬೇರೆಯವರು ನೇಯ್ದ ಕ್ರೇಪ್ ರೇಷ್ಮೆ. ಆ ಹೆಸರಿನ ಭೌಗೋಳಿಕ ಗುರುತಿರುವುದು ಸರ್ಕಾರದ ರೇಷ್ಮೆ ನಿಗಮವಾದ ಕೆಎಸ್ಐಸಿಗೆ, ಅದು ಅವರ ಮಳಿಗೆಯಲ್ಲೇ ಸಿಗುತ್ತದೆ. ಆ ಕ್ರೇಪ್ ಕೆಟ್ಟದ್ದೇನಲ್ಲ, ಆದರೆ ಮೈಸೂರು ಸಿಲ್ಕಿನ ಬೆಲೆ ಕೊಡಬಾರದು. ಇನ್ನು ಸೆರಗಿಗೆ ಕುಚ್ಚು ಕಟ್ಟಿಸುವ ಆಸೆಯಿದ್ದರೆ, ಕ್ರೋಶಾ ಕುಚ್ಚಿಗೆ ದಿನಗಳೇ ಬೇಕು. ಊರಿಗೆ ಹೋಗಿ ಕಟ್ಟಿಸುವುದೇ ಸರಿ.

ಎರಡರ ಹೊತ್ತಿಗೆ ಬಳೇಪೇಟೆಗೆ ಬಂದು ಉಡುಪಿ ಶ್ರೀಕೃಷ್ಣ ಭವನದಲ್ಲಿ ಸಾಗು ದೋಸೆ. ಆಲೂಗಡ್ಡೆ ಪಲ್ಯದ ಬದಲು ತರಕಾರಿ ಸಾಗು, ಬಿಸಿಯಿದ್ದಾಗಲೇ ಮುಗಿಸಬೇಕು. ತಡಮಾಡಿದರೆ ಸಾಗಿನ ನೀರಿಗೆ ದೋಸೆ ಮೆತ್ತಗಾಗುತ್ತದೆ. ಮಾಂಸದೂಟ ಬೇಕಾದವರಿಗೆ ಕಾಟನ್‌ಪೇಟೆ ಕಡೆಯ ಮಿಲಿಟರಿ ಹೋಟೆಲು. ಮರಾಠ ಕುಟುಂಬಗಳು ಬೆಳೆಸಿದ ಅಡುಗೆ ಅದು. ದೊನ್ನೆ ಬಿರಿಯಾನಿಗೆ ಪುದೀನ ಕೊತ್ತಂಬರಿಯ ಹಸಿರು, ಸಣ್ಣ ಜೀರಿಗೆ ಸಾಂಬ ಅಕ್ಕಿ. ಎರಡೂವರೆ ದಾಟಿದರೆ ಖಾಲಿ ಪಾತ್ರೆ ತೋರಿಸುತ್ತಾರೆ.

ಬಳೇಪೇಟೆಯ ವಾದ್ಯದಂಗಡಿಗಳಲ್ಲಿ ಕೊಳ್ಳದಿದ್ದರೂ ಒಂದು ಗಂಟೆ ಕಳೆಯಬಹುದು. ಮೃದಂಗದ ಕಳಸಿಗೆಗೂ (ಮರದ ಒಡಲು) ವೀಣೆಗೂ ಹಲಸಿನ ಮರ. ಕೊಳ್ಳುವವರು ಮೊದಲು ಹಾಡುವವರ ಶ್ರುತಿ ಹೇಳಬೇಕು. ಹೆಚ್ಚಿನ ಶ್ರುತಿಗೆ ಸುಮಾರು 22 ಅಂಗುಲದ ಮೃದಂಗ, ತಗ್ಗಿನ ಶ್ರುತಿಗೆ 24. ಚಿಕ್ಕದನ್ನು ಕೊಂಡು ಸಡಿಲಿಸಿ ತಗ್ಗಿಸಲು ಹೋದರೆ ನಾದ ಸತ್ತುಹೋಗುತ್ತದೆ. ದೊಡ್ಡದನ್ನು ಬಿಗಿದು ಏರಿಸಲು ಹೋದರೆ ಚರ್ಮ ಹರಿಯುತ್ತದೆ. ಬಲಮುಖದ ಕರಣೆಯಲ್ಲಿ, ಅಂದರೆ ನಡುವಿನ ಕಪ್ಪು ಲೇಪದಲ್ಲಿ, ಕೂದಲೆಳೆಯಂಥ ಬಿರುಕುಗಳು ಇರಲೇಬೇಕು, ಅದಿಲ್ಲದೆ ನಾದ ಬಿಡುವುದಿಲ್ಲ. ಆದರೆ ಬೆರಳಿಗೆ ಚೂರು ಎದ್ದು ಬಂದರೆ ಮುಚ್ಚಿಗೆ (ಮುಖದ ಚರ್ಮ) ಹಳೆಯದು. ಎಡಮುಖಕ್ಕೆ ನುಡಿಸುವ ಮುನ್ನ ಕಲಸಿದ ರವೆ ಮೆತ್ತುತ್ತಾರೆ, ಮುಗಿದ ಮೇಲೆ ಕೆರೆದು ತೆಗೆಯದಿದ್ದರೆ ಚರ್ಮ ಕೊಳೆಯುತ್ತದೆ, ಇಲಿಯೂ ಕಡಿಯುತ್ತದೆ.

ಸಂಜೆ ಐದೂವರೆಗೆ ರಂಗಸ್ವಾಮಿ ಗುಡಿ ಬೀದಿ. ರಂಗನಾಥಸ್ವಾಮಿ ದೇವಸ್ಥಾನದ ವಿಜಯನಗರ ಶೈಲಿಯ ಕಲ್ಲುಕಂಬಗಳ ಸುತ್ತ ಈಗ ಪ್ಯಾಕಿಂಗ್ ಡಬ್ಬಗಳ ಗೋಡೆ. ಗೋಪುರ ನೋಡಬೇಕಾದರೆ ಎದುರುಬದಿಯ ಅಂಗಡಿ ಮೆಟ್ಟಿಲು ಹತ್ತಿ ತಲೆ ಎತ್ತಬೇಕು, ನಡುವೆ ಕರೆಂಟಿನ ತಂತಿಗಳ ಬಲೆ. ಸುಲ್ತಾನ್‌ಪೇಟೆಯ ಲಗ್ನಪತ್ರಿಕೆಗಳು, ಮಾಮೂಲುಪೇಟೆಯ ಪ್ಲಾಸ್ಟಿಕ್ಕು, ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಬಿಡಿಭಾಗ: ಕೆಲಸವಿದ್ದವರಿಗೆ ಸ್ವರ್ಗ, ಇಲ್ಲದವರು ಹಾದು ಹೋಗಬಹುದು.

ಮೂರನೆಯ ದಿನ, ಭಾನುವಾರ

ಭಾನುವಾರ ಮೆಟ್ರೊ ಶುರುವಾಗುವುದು ಏಳಕ್ಕೆ. ಮಾರುಕಟ್ಟೆ ಸುತ್ತಿನ ಸಂಡೇ ಬಜಾರ್ ಅಷ್ಟು ಹೊತ್ತು ಕಾಯುವುದಿಲ್ಲ, ಆದ್ದರಿಂದ ಬಸ್ಸು ಅಥವಾ ಆಟೊ. ಹಳೆಯ ಸ್ಪ್ಯಾನರು, ಡ್ರಿಲ್ಲು, ರೇಡಿಯೊ, ಬೂಟು, ಬೀಗ, ಕ್ಯಾಮೆರಾ ಎಲ್ಲ ನೆಲದ ಮೇಲೆ. ಜನ ಇದನ್ನು ಚೋರ್ ಬಜಾರ್ ಎಂದೂ ಕರೆಯುವುದು ಸುಮ್ಮನಲ್ಲ: ಬಿಲ್ಲಿಲ್ಲದ ಮೊಬೈಲು, ಲ್ಯಾಪ್‌ಟಾಪು ಮುಟ್ಟಬೇಡಿ, ಕಳ್ಳಮಾಲಾದರೆ ಪೊಲೀಸರ ಮುಂದೆ ಉತ್ತರ ಹೇಳಬೇಕಾದವರು ನೀವೇ. ಕೈ ಉಪಕರಣಗಳು ಮಾತ್ರ ನಿಜಕ್ಕೂ ಒಳ್ಳೆಯ ಸರಕು. ಹಳೆಯ ಉಕ್ಕಿನ ಪಕ್ಕಡದ ಹಲ್ಲು ಸವೆದಿದೆಯೇ, ಬೈಸಿನ (ಬೆಂಚ್ ವೈಸ್) ತಿರುಪು ಅಲುಗಾಡುತ್ತದೆಯೇ ನೋಡಿ ಕೊಳ್ಳಿ. ಮೋಟಾರಿದ್ದರೆ ಓಡಿಸಿ ತೋರಿಸಲು ಹೇಳಿ, ‘ಮನೆಯಲ್ಲಿ ಓಡುತ್ತೆ’ ಎಂಬ ಮಾತಿಗೆ ಹಣ ಬಿಚ್ಚಬೇಡಿ. ಹೇಳಿದ ಬೆಲೆಯ ಮೂರನೇ ಒಂದರಿಂದ ಮಾತು ಶುರುಮಾಡಬಹುದು. ಪರ್ಸು ಮುಂದಿನ ಜೇಬಿನಲ್ಲಿರಲಿ.

ಸಗಟು ಅಂಗಡಿಗಳು ಬಹುಪಾಲು ಮುಚ್ಚಿರುವ ಈ ದಿನವೇ ಪೇಟೆಯ ಕಟ್ಟಡಗಳನ್ನು ನೋಡಲು ಸರಿ. ನಗರ್ತಪೇಟೆಯಲ್ಲಿ ತಲೆ ಎತ್ತಿ ನಡೆಯಿರಿ. ನೆಲಮಹಡಿಗೆ ಶಟರು, ಬೋರ್ಡು ಹೊಡೆದಿದ್ದರೂ ಮೇಲೆ ಮರದ ಕಂಬ, ಗಾರೆಯ ಹೂವು, ಮಂಗಳೂರು ಹೆಂಚು ಕೆಲವು ಮನೆಗಳಲ್ಲಿ ಉಳಿದಿವೆ. ಅಲ್ಲಿಂದ ಕಬ್ಬನ್‌ಪೇಟೆ ದೇವಾಂಗ ನೇಕಾರರ ಕೇರಿ. ಮಗ್ಗದ ಸದ್ದು ಕಡಿಮೆಯಾಗಿದೆ. ಉಳಿದಿದ್ದರೆ ವಾರದ ದಿನ ಸಣ್ಣ ಓಣಿಗಳಲ್ಲಿ ಕೇಳುತ್ತದೆ, ಭಾನುವಾರ ಅಲ್ಲ.

ಒಂಬತ್ತರೊಳಗೆ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನ. ಪಾಂಡವರಿಗೂ ದ್ರೌಪದಿಗೂ ಇಲ್ಲಿ ಪೂಜೆ, ನಡೆಸುವವರು ವಹ್ನಿಕುಲ ಕ್ಷತ್ರಿಯ ತಿಗಳರು. ಊರಿಗೆ ಹಣ್ಣು, ಸೊಪ್ಪು, ಹೂವು ಬೆಳೆದುಕೊಟ್ಟ ತೋಟಗಾರರು ಇವರು. ಅವರಿಗೆ ಕೆರೆ ಎಷ್ಟು ಮುಖ್ಯವೆಂದರೆ ಕರಗ, ಅಂದರೆ ಉತ್ಸವದಲ್ಲಿ ತಲೆಯ ಮೇಲೆ ಹೊರುವ ಕಲಶ, ಹುಟ್ಟುವುದೇ ನೀರಿನ ದಡದಲ್ಲಿ. ಸಂಪಂಗಿ ಕೆರೆ ಹೋಗಿ ಕ್ರೀಡಾಂಗಣ ಬಂದಮೇಲೂ ಪೌರ್ಣಮಿಗೆ ಮುನ್ನ ನಡೆಯುವ ಹಸಿ ಕರಗಕ್ಕೆ ಆ ಪ್ರದೇಶವನ್ನು ಬಿಟ್ಟಿಲ್ಲ.

ಕರಗ ಚೈತ್ರ ಪೌರ್ಣಮಿಯ ರಾತ್ರಿ, ಹೆಚ್ಚಾಗಿ ಏಪ್ರಿಲಿನಲ್ಲಿ. ಧ್ವಜಾರೋಹಣದಿಂದ ಲೆಕ್ಕ ಹಾಕಿದರೆ ಹತ್ತು ದಿನಗಳ ಆಸುಪಾಸಿನ ಉತ್ಸವ. ದ್ರೌಪದಿ ತಿಮಿರಾಸುರನೊಡನೆ ಕಾದಲು ವೀರಕುಮಾರರನ್ನು ಸೃಷ್ಟಿಸಿದಳು, ವರ್ಷಕ್ಕೊಮ್ಮೆ ಬಂದುಹೋಗುತ್ತೇನೆ ಎಂದು ಅವರಿಗೆ ಮಾತು ಕೊಟ್ಟಳು ಎಂಬುದು ನಂಬಿಕೆ. ಹೊರುವ ಅರ್ಚಕರು ಸೀರೆಯುಟ್ಟು, ಬಳೆ ತೊಟ್ಟು, ಮಲ್ಲಿಗೆಯಿಂದ ಮುಚ್ಚಿದ ಕರಗವನ್ನು ಕೈ ತಾಗಿಸದೆ ತಲೆಯ ಮೇಲೆ ಹೊರುತ್ತಾರೆ. ಸುತ್ತ ಕತ್ತಿ ಹಿಡಿದ ವೀರಕುಮಾರರು ಎದೆಗೆ ಅಲಗು ಬಡಿದು ಅಲಗು ಸೇವೆ ಸಲ್ಲಿಸುತ್ತಾರೆ. ನಡುರಾತ್ರಿ ದಾಟಿದ ಮೇಲೆ ಗುಡಿಯಿಂದ ಹೊರಟ ಕರಗ ಪೇಟೆಯ ಬೀದಿಗಳನ್ನು ಸುತ್ತಿ ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ, ಬೆಳಗಾಗುವ ಹೊತ್ತಿಗೆ ಮರಳುತ್ತದೆ. ಆ ದರ್ಗಾವನ್ನು ಇವತ್ತು ಮಧ್ಯಾಹ್ನ ನೋಡಿಟ್ಟುಕೊಳ್ಳಿ. ತಲೆಗೆ ಕರವಸ್ತ್ರ ಕಟ್ಟಿ ಒಳಹೋದರೆ ಸಾಕು, ಎಲ್ಲ ಮತದವರೂ ಬರುತ್ತಾರೆ.

ಕರಗಕ್ಕೇ ಬರುವವರಿಗೆ ಒಂದೆರಡು ಸೂಚನೆ. ಗುಡಿಯ ಬಾಗಿಲಲ್ಲಿ ನಿಲ್ಲುವ ಆಸೆ ಬಿಡಿ, ಹೊರಡುವ ಕ್ಷಣದ ನೂಕುನುಗ್ಗಲಿನಲ್ಲಿ ಮಕ್ಕಳು, ವಯಸ್ಸಾದವರು ನಿಲ್ಲಲಾರರು. ಕರಗ ಓಡುನಡಿಗೆಯಲ್ಲಿ ಬರುತ್ತದೆ, ಬರುವ ಸಮಯ ಒಂದೆರಡು ಗಂಟೆ ಹಿಂದುಮುಂದಾಗುತ್ತದೆ, ಮುಂದೆ ದಾರಿ ಬಿಡಿಸುವವರು ಯಾರಿಗೂ ಕಾಯುವುದಿಲ್ಲ. ಅವೆನ್ಯೂ ರಸ್ತೆಯ ಎತ್ತರದ ಅಂಗಡಿ ಮೆಟ್ಟಿಲೋ, ಪರಿಚಯದವರ ಮೊದಲ ಮಹಡಿಯೋ ಸಿಕ್ಕರೆ ಅದೇ ಉತ್ತಮ. ಎಸೆಯಲು ಬಿಡಿ ಮಲ್ಲಿಗೆ ಸಂಜೆಯೇ ಕೊಂಡಿಡಿ, ಆ ರಾತ್ರಿ ಮಾರುಕಟ್ಟೆಯಲ್ಲಿ ಅದರ ದರ ಕೇಳುವಂತಿರುವುದಿಲ್ಲ. ಸುತ್ತಿನ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ, ರಾತ್ರಿ ಮೆಟ್ರೊ ಇರುವುದಿಲ್ಲ. ನಡೆದು ಮೆಜೆಸ್ಟಿಕ್ ತಲುಪುವುದು, ಇಲ್ಲವೇ ಬೆಳಗಿನ ಮೊದಲ ರೈಲಿನವರೆಗೆ ಅಲ್ಲೇ ಇರುವುದು, ಎರಡೇ ದಾರಿ.